ಎಡಕ್ಕೆ ನೋಡುವ ಗಿಣಿ

ಚಳ್ಳಕೆರೆ
೩ ಜೂನ್ ೨೦೨೪

ಬೇಟಿ ಜ್ಯೋತಿಲಕ್ಷ್ಮಿಗೆ ವಲಿಸಾಬ ಮಾಮನ ಸಲಾಂ.

ಗಾಬರಿಯಾಗಬೇಡ. ಈ ಕಾಲದಲ್ಲಿ ಅಂಚೆಯವನು ಬಾಗಿಲು ತಟ್ಟಿದರೆ ಒಂದೋ ಕೋರ್ಟಿನ ನೋಟೀಸು, ಇಲ್ಲ ಬ್ಯಾಂಕಿನ ನೋಟೀಸು. ಇದು ಎರಡೂ ಅಲ್ಲ. ಹೋದ ವರ್ಷ ದಾವಣಗೆರೆಯಲ್ಲಿ ಡಾಕ್ಟರು ನನ್ನ ಗಂಟಲು ಕೊಯ್ದು, ರೋಗದ ಜೊತೆಗೆ ಮಾತನ್ನೂ ತೆಗೆದುಕೊಂಡರು. ಬಾಯಿಂದಲೇ ಬದುಕು ಕಟ್ಟಿದವನಿಗೆ ಒಳ್ಳೆಯ ತಮಾಷೆ ಇದು. "ಮದುವೆಯಾದ ಮ್ಯಾಲೆ ಈಗ ನೋಡ್ರಿ ಈ ಮನ್ಯಾಗೆ ನನ್ನ ಮಾತು ಕೇಳಿಸ್ತೈತೆ" ಎಂದು ನಿನ್ನ ಗುಲ್ಷನ್ ಅತ್ತೆ ನಗುತ್ತಾಳೆ. ನಕ್ಕು ಒಳಗೆ ಹೋಗಿ ಮೂಗು ಒರೆಸಿಕೊಳ್ಳುತ್ತಾಳೆ. ಮೊಬೈಲಿನಲ್ಲಿ ಬರೆಯಲು ಹೋದರೆ ನನ್ನ ಹೆಬ್ಬೆರಳಿಗೆ ಮೂರು ಅಕ್ಷರ ಒಟ್ಟಿಗೆ ಸಿಕ್ಕಿಬೀಳುತ್ತವೆ. ಹಾಗಾಗಿ ಪೆನ್ನು.

ವಿಷಯಕ್ಕೆ ಬರುತ್ತೇನೆ. ಅಟ್ಟದ ಮೇಲಿನ ಹಳೇ ಕಾಗದವನ್ನು ಗುಜರಿಗೆ ಹಾಕೋಣವೆಂದು ಇಳಿಸಿದರೆ, ಶೇರು ಅರ್ಜಿಗಳ ಅಡಿಚೀಟಿಯ ಕಟ್ಟು ಸಿಕ್ಕಿತು. ಅದರಲ್ಲಿ ನಿಮ್ಮಪ್ಪ ಪೆದ್ದಣ್ಣನ ಹೆಸರು. ಸಾವಿರದ ಒಂಬೈನೂರ ಎಂಬತ್ತಾರು, ಹಗರಿ ಸಾಲ್ವೆಂಟ್ಸ್, ನೂರು ಶೇರು, ತಲಾ ಹತ್ತು ರೂಪಾಯಿ.

ಆ ಕಾಲ ನಿನಗೆ ಗೊತ್ತಿಲ್ಲ. ನಾನು ಕಡಲೆಕಾಯಿ ಮಂಡಿಯಲ್ಲಿ ಗೋಣಿಚೀಲದ ಬಾಯಿ ಹೊಲಿಯುತ್ತಿದ್ದವನು. ಮಳೆ ಬಿದ್ದಿರುವುದಿಲ್ಲ, ಬೀಜ ನೆಲ ಮುಟ್ಟಿರುವುದಿಲ್ಲ, ದೀಪಾವಳಿಯ ಎಣ್ಣೆಗೆ ಸಾಹುಕಾರರು ಇವತ್ತೇ ದರ ಕಟ್ಟುತ್ತಿದ್ದರು, ಟವೆಲ್ಲಿನ ಕೆಳಗೆ ಬೆರಳು ಹಿಡಿದು. ಇಲ್ಲದ ಎಣ್ಣೆ ಸಂಜೆಯೊಳಗೆ ನಾಲ್ಕು ಕೈ ದಾಟುತ್ತಿತ್ತು. ಶೇರು ಎಂದರೂ ಹೆಚ್ಚು ಕಡಿಮೆ ಇದೇ ಎಂದು ತಿಳಿದ ದಿನ ದಬ್ಬಳ ಕೆಳಗಿಟ್ಟೆ. ಬೆಂಗಳೂರಿನಿಂದ ಅರ್ಜಿಯ ಕಟ್ಟು ಬಸ್ಸಿನ ಮೇಲೆ ಬರುತ್ತಿತ್ತು. ಅದಕ್ಕೆ ನನ್ನ ಮುದ್ರೆ ಒತ್ತಿ, ಮಂಡಿಯ ಕಟ್ಟೆ ಮೇಲೆ ಕೂತು, ಮೇಷ್ಟ್ರು, ಕಂಡಕ್ಟರು, ಹಮಾಲಿ, ಮಗ್ಗದವರು, ಎಲ್ಲರನ್ನೂ ಕಂಪನಿಯ ಮಾಲೀಕರನ್ನಾಗಿ ಮಾಡಿದೆ. ಮಾಲೀಕರನ್ನು ಗೇಟಿನ ಒಳಗೆ ಬಿಟ್ಟದ್ದು ಮಾತ್ರ ನಾನು ಕಾಣೆ.

ತೊಂಬತ್ತೆರಡರಲ್ಲಿ ಶೇರು ಪೇಟೆ ಬಿತ್ತು. ಕೆಲವು ಕಂಪನಿಗಳ ವಿಳಾಸ ಹಿಡಿದು ಹೋದರೆ ಅಲ್ಲಿ ಇಡ್ಲಿ ಹೋಟೆಲಿತ್ತು. ಆಮೇಲೆ ಕಾಗದವೂ ಹೋಗಿ ಎಲ್ಲ ಕಂಪ್ಯೂಟರಿನ ಹೊಟ್ಟೆ ಸೇರಿತು. ಹಗರಿ ಸಾಲ್ವೆಂಟ್ಸ್ ಮುಗಿಯಿತೆಂದು ನಾನೂ ತಿಳಿದಿದ್ದೆ. ಮುಗಿದಿರಲಿಲ್ಲ. ಮುಂಬೈನ ದೊಡ್ಡ ಕಂಪನಿಯೊಂದು ಅದನ್ನು ಕೊಂಡು, ಹಳೇ ಶೇರುದಾರರಿಗೆ ತನ್ನ ಶೇರು ಇಟ್ಟಿದೆ. ನಿಮ್ಮಪ್ಪನ ಪಾಲು ಕೇಳಿದವರಿಲ್ಲ. ಇವತ್ತಿನ ದರದಲ್ಲಿ ನಾಲ್ಕು ಲಕ್ಷದ ಮೇಲಾಗುತ್ತದೆ.

ಆದರೆ ಮೂಲ ಶೇರು ಪತ್ರ ಬೇಕು. ಅದನ್ನು ಒಪ್ಪಿಸಿದರೆ ಮಾತ್ರ ಹೊಸ ಶೇರು ನಿನ್ನ ಖಾತೆಗೆ ಬರುವುದು. ದಪ್ಪ ಕಾಗದ, ಸುತ್ತ ಬಳ್ಳಿ ಅಂಚು, ಮೇಲೆ ಎರಡು ಆನೆ. ಹುಡುಕು. ಅರ್ಜಿಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ನಿಮ್ಮವ್ವ ಚಿಕ್ಕಕ್ಕನನ್ನು ಕೇಳಿದೆ ಎಂದು ಹೇಳು.

ನಿನ್ನ
ವಲಿಸಾಬ ಮಾಮ


ಮೊಳಕಾಲ್ಮೂರು
೧೫ ಜೂನ್ ೨೦೨೪

ವಲಿಸಾಬ ಮಾಮನಿಗೆ ಜ್ಯೋತಿಲಕ್ಷ್ಮಿ ಮಾಡುವ ನಮಸ್ಕಾರ.

ನಿಮ್ಮ ಪತ್ರ ಓದಿ ಫೋನು ಮಾಡಲು ಕೈ ಹೋಯಿತು. ಮಾಮ ಆ ಕಡೆ ಸುಮ್ಮನಿರುವುದನ್ನು ಕೇಳಲು ನನ್ನಿಂದಾಗದು ಎನಿಸಿ ಇಟ್ಟುಬಿಟ್ಟೆ. ನಾನೂ ಬರೆಯುತ್ತೇನೆ.

ಶೇರು ಪತ್ರ ಹುಡುಕುವ ಕಷ್ಟವೇ ಬೀಳಲಿಲ್ಲ. ಅಪ್ಪ ಅದಕ್ಕೆ ಗಾಜಿನ ಚೌಕಟ್ಟು ಹಾಕಿ ಚೌಡಮ್ಮನ ಪಟದ ಪಕ್ಕ ತೂಗುಹಾಕಿದ್ದ. ಆನೆಗಳ ನಡುವೆ ಇರುವುದು ಕಡಲೆಕಾಯಿ ಗಿಡ. ಅವ್ವ ಅದನ್ನು ಗಜಲಕ್ಷ್ಮಿ ಎಂದು ಇಷ್ಟು ವರ್ಷ ಕುಂಕುಮ ಹಚ್ಚಿದ್ದಾಳೆ. ಗಾಜು ಅರ್ಧ ಕೆಂಪಾಗಿದೆ. ನಾನು ಮೊಳೆ ಕೀಳಲು ಹೋದರೆ, "ದೇವ್ರ ಪಟ ಬಿಚ್ಚಬ್ಯಾಡ್ವೇ, ಕೈ ಸೇದೋಗ್ತಾವೆ!" ಎಂದು ಕೂಗಿಕೊಂಡಳು. ಅದಕ್ಕೆ ಚೌಕಟ್ಟು ಸಮೇತ ಕಂಡಕ್ಟರ್ ಚೌಡೇಶನ ಕೈಲಿ ಕಳಿಸಿದ್ದೇನೆ. ಬಿಚ್ಚುವ ಪಾಪ ನಿಮಗಿರಲಿ.

ಅಪ್ಪನ ಮರಣ ಪತ್ರ, ವಂಶವೃಕ್ಷ, ನನ್ನ ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ಎಲ್ಲ ಇವೆ. ಶೇರು ನನ್ನ ಹೆಸರಿಗೆ ಬರಲಿ ಎಂದು ಅವ್ವ ಹೆಬ್ಬೆಟ್ಟು ಒತ್ತಿದ್ದಾಳೆ. ಇನ್ನೇನಾದರೂ ಬೇಕಿದ್ದರೆ ತಿಳಿಸಿ. ಹಾಳೆ ಮುಗಿಯಿತು, ಉಳಿದದ್ದನ್ನು ಹಿಂಬದಿಗೆ ಬರೆಯುತ್ತೇನೆ.

ಅವ್ವನಿಗೆ ಈಗ ಕಣ್ಣು ಮಂಜು, ಸಕ್ಕರೆ ಕಾಯಿಲೆಯಿಂದ ಬೆರಳೆಲ್ಲ ಜೋಮು. ಹೆಚ್ಚು ದಿನ ಇಲ್ಲವೆಂದು ಅವಳಿಗೇ ಗೊತ್ತಾಗಿದೆ. ಒಂದೇ ಹಟ. ಮದುವೆಯಾದ ಹೊಸದರಲ್ಲಿ ಅಪ್ಪ ಅವಳಿಗೆಂದೇ ಗಿಣಿ ಅಂಚಿನ ಸೀರೆ ನೇಯ್ದಿದ್ದನಂತೆ. ನಿಮ್ಮ ಶೇರಿಗೆ ದುಡ್ಡು ಕಟ್ಟಲು ಅದನ್ನೇ ಮಾರಿದನಂತೆ. "ಇನ್ನೊಂದು ನೇಯ್ದು ಕೊಡ್ತೀನಿ ಕಣೇ, ನಕ್ಷೆ ಬರೆದಿಟ್ಟೀನಿ" ಎಂದಿದ್ದನಂತೆ. ವ್ಯಾಪಾರಿಗಳ ಆರ್ಡರಿನ ನಡುವೆ ಅದು ನೇಯುವ ಕಾಲ ಬರಲೇ ಇಲ್ಲ. ಈಗ ಅವ್ವ, "ನನ್ನ ಕಳಿಸಾಗ ಅದೇ ಉಡ್ಸಿ ಕಳಿಸು, ಬ್ಯಾರೆ ಏನೂ ಬ್ಯಾಡ" ಎನ್ನುತ್ತಾಳೆ.

ರೇಷ್ಮೆ ತಂದಿದ್ದೇನೆ, ಜರಿ ತಂದಿದ್ದೇನೆ, ಮಗ್ಗಕ್ಕೆ ಹಾಸು ಏರಿಸಿ ಕೂತಿದ್ದೇನೆ. ಆ ನಕ್ಷೆಯೊಂದೇ ಇಲ್ಲ. ಯಾವುದೋ ದಪ್ಪ ಕಾಗದದ ಮೇಲೆ ಸಣ್ಣ ಚೌಕ ಹಾಕಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದದ್ದು ಅವ್ವನಿಗೆ ನೆನಪು. ಪೆಟ್ಟಿಗೆ, ಕ್ಯಾಲೆಂಡರಿನ ಹಿಂಬದಿ, ಎಲ್ಲ ನೋಡಿದೆ. ನಕ್ಷೆ ನೋಡಿ ರಟ್ಟಿಗೆ ತೂತು ಹೊಡೆದುಕೊಡುವ ಪಾತಣ್ಣ ತಾನೇ ಒಂದು ಗಿಣಿ ಬರೆದು ಕೊಟ್ಟ. ಅವ್ವ ಕಣ್ಣಿಗೆ ಅಂಟಿಸಿಕೊಂಡು ನೋಡಿ, "ಇದು ನಿಮ್ಮಪ್ಪಂದಲ್ಲ, ಕಾಗೆಗೆ ಹಸಿರು ಬಳ್ದಂಗೈತೆ" ಎಂದು ಎಸೆದಳು. ಏನು ತಪ್ಪಿದೆ ಎಂದರೆ ಹೇಳಲು ಬರುವುದಿಲ್ಲ. ಅಪ್ಪ ನಿಮ್ಮ ಹತ್ತಿರ ಯಾವಾಗಲಾದರೂ ಆ ನಕ್ಷೆಯ ಮಾತಾಡಿದ್ದನೇ? ನೆನಪಿದ್ದರೆ ಬರೆಯಿರಿ.

ನಿಮ್ಮ
ಜ್ಯೋತಿ


ಚಳ್ಳಕೆರೆ
೨೪ ಜೂನ್ ೨೦೨೪

ಬೇಟಿ ಜ್ಯೋತಿಗೆ ಮಾಮನ ಸಲಾಂ.

ಚೌಡೇಶ ನಿನ್ನ ಗಜಲಕ್ಷ್ಮಿಯನ್ನು ಎರಡು ಸೀಟಿನ ನಡುವೆ ನಿಲ್ಲಿಸಿಕೊಂಡು ಬಂದ. ಆಕೆಗೂ ಅರ್ಧ ಟಿಕೆಟ್ ಹರಿಯಬೇಕಿತ್ತಂತೆ, ಬಿಟ್ಟನಂತೆ. ಕಾಗದಪತ್ರ ಎಲ್ಲ ಸರಿಯಾಗಿವೆ. ಹೆಬ್ಬೆಟ್ಟು, ಸಹಿ, ಪಾಸ್‌ಬುಕ್ ನೋಡಿ, ಯಾವುದೂ ಉದುರಿಹೋಗದಿರಲಿ ಎಂದು ನಿನ್ನ ಪತ್ರದ ಸಮೇತ ಕೂಡಲೇ ಫೈಲಿಗೆ ಹೊಲಿದುಬಿಟ್ಟೆ. ಕಂಪನಿಗೆ ಹೋಗಬೇಕಾದ ಪ್ರತಿಗಳನ್ನು ಬೇರೆ ಇಟ್ಟೆ. ಚೀಲ ಹೊಲಿದ ಕೈ, ಬಿಚ್ಚಿಕೊಳ್ಳುವ ಮಾತೇ ಇಲ್ಲ.

ಚೌಕಟ್ಟು ಬಿಚ್ಚಿದೆ. ನಿಮ್ಮಪ್ಪ ಹಿಂದೆ ರಟ್ಟು ಕೊಟ್ಟು ಮೊಳೆ ಹೊಡೆದ ರೀತಿ ನೋಡಿದರೆ ಯುದ್ಧಕ್ಕೆ ಕಳಿಸುವವನ ಹಾಗೆ. ಪತ್ರದ ಮುಖ ಹೊಸ ನೋಟಿನಂತಿದೆ. ತಿರುಗಿಸಿದರೆ ಬೆನ್ನೆಲ್ಲ ಗೀಚು.

ಶೇರು ಪತ್ರದ ಬೆನ್ನಿಗೆ ಒಂದು ಕೋಷ್ಟಕ ಅಚ್ಚಾಗಿರುತ್ತದೆ. ಶೇರು ಕೈ ಬದಲಾದರೆ ಹೊಸ ಮಾಲೀಕನ ಹೆಸರು ಅಲ್ಲಿ ಏರಬೇಕು. ಯಾವುದೋ ಮಗು ಆ ಮನೆಗಳನ್ನು ಇನ್ನೂ ಸಣ್ಣಗೆ ಗೆರೆ ಹೊಡೆದು, ಪೆನ್ಸಿಲಿನಲ್ಲಿ ಚುಕ್ಕಿ ಚುಕ್ಕಿ ತುಂಬಿಬಿಟ್ಟಿದೆ. ನಿನಗೆ ಇದರ ಅಪಾಯ ತಿಳಿಯದು. ಕಾಗದದ ಕಾಲದಲ್ಲಿ ಬೆನ್ನಿನ ಮೇಲೆ ಒಂದು ಗೀರಿದ್ದರೂ, ಸಹಿ ಒಂದು ಎಳೆ ಹೊರಳಿದ್ದರೂ 'ಬ್ಯಾಡ್ ಡೆಲಿವರಿ' ಎಂದು ಮುದ್ರೆ ಒತ್ತಿ ಹಿಂದಕ್ಕೆ ಎಸೆಯುತ್ತಿದ್ದರು. ಹಾಗೆ ಮುಂಬೈಗೆ ಹೋಗಿ ಬರುವಷ್ಟರಲ್ಲಿ ದರ ಬಿದ್ದು, ಮನೆ ಮಾರಿಕೊಂಡವರನ್ನು ನಾನು ಬಲ್ಲೆ. ಪೆದ್ದಣ್ಣನ ಮಗಳಿಗೆ ಹಾಗಾಗಲು ಬಿಡುತ್ತೇನೆಯೇ?

ಕಿಟಕಿಯ ಹತ್ತಿರ ಕೂತೆ. ಮೆತ್ತನೆಯ ರಬ್ಬರು ತರಿಸಿದೆ. ಕಾಗದ ಸವೆಯದ ಹಾಗೆ, ಒಂದೊಂದೇ ಮನೆ, ಕೂಸಿನ ಕೆನ್ನೆ ಒರೆಸಿದಂತೆ ಉಜ್ಜಿದೆ. ಒಂದು ಚುಕ್ಕಿ ಉಳಿದಿಲ್ಲ. ಇವತ್ತು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ, ಚೀಟಿ ಇದರೊಳಗಿದೆ. ಇನ್ನು ನಿಶ್ಚಿಂತೆಯಾಗಿ ನೇಯಿ.

ನಿನ್ನ ಮಾಮ


ಮೊಳಕಾಲ್ಮೂರು
೨ ಜುಲೈ ೨೦೨೪

ಮಾಮನಿಗೆ ನಮಸ್ಕಾರ.

ನಿಮ್ಮ ಪತ್ರ ಬಂತು. ಅಂಚೆ ಚೀಟಿಯನ್ನು ಜೋಪಾನ ಮಾಡಿದ್ದೇನೆ.

ಹೌದು, ಮಗುವೇ ಗೀಚಿರಬೇಕು. ಈ ಮನೆಯಲ್ಲಿ ಆಗ ಮಗು ಎಂದರೆ ನಾನೊಬ್ಬಳೇ.

ಒಂದು ಮಾತು ಕೇಳಲೇ? ಆ ಗೀಚಿನಲ್ಲಿ ಏನಿತ್ತು? ಉಜ್ಜುವಾಗ ಕಣ್ಣಿಗೆ ಬಿದ್ದದ್ದು ಏನಾದರೂ ಇದ್ದರೆ ಬರೆಯಿರಿ. ಎಷ್ಟು ಸಣ್ಣದಾದರೂ ಆದೀತು. ಅವಸರವೇನಿಲ್ಲ. ಆದರೆ ಬೇಗ ಬರೆಯಿರಿ.

ಅವ್ವ ಈಗ ಗಂಜಿ ಮಾತ್ರ ಕುಡಿಯುತ್ತಾಳೆ. ಮಗ್ಗ ನಿಂತಿದೆ. ಸದ್ದಿಲ್ಲವೆಂದು ಬೀದಿಯವರು ಬಂದು ಕೇಳಿ ಹೋಗುತ್ತಿದ್ದಾರೆ.

ನೀವು ಇಷ್ಟು ಕಷ್ಟಪಟ್ಟಿರಿ. ಅದನ್ನು ಮರೆಯುವುದಿಲ್ಲ.

ಜ್ಯೋತಿ


ಚಳ್ಳಕೆರೆ
೧೩ ಜುಲೈ ೨೦೨೪

ಬೇಟಿ ಜ್ಯೋತಿಗೆ,

ಅವಸರವಿಲ್ಲ, ಬೇಗ ಬರೆಯಿರಿ! ನಿನ್ನ ಪತ್ರವನ್ನು ಗುಲ್ಷನ್‌ಗೆ ತೋರಿಸಿದೆ. "ಹುಡುಗಿ ಹೆದರ್ಯಾಳೆ, ಧೈರ್ಯ ಹೇಳ್ರಿ" ಎಂದಳು. ನನಗೂ ಹಾಗೇ ಅನ್ನಿಸಿತು. ಗುರುತು ಉಳಿದಿದ್ದರೆ ಪತ್ರ ವಾಪಸು ಬಂದೀತು ಎಂದಲ್ಲವೇ ನಿನ್ನ ಚಿಂತೆ? ಬಿಡು. ಬಿಸಿಲಿಗೆ ಹಿಡಿದು ನೋಡಿದ್ದೇನೆ. ಗುಲ್ಷನ್ ತನ್ನ ಹೊಸ ಕನ್ನಡಕ ಹಾಕಿ ನೋಡಿದ್ದಾಳೆ. ಏನೂ ಇಲ್ಲ. ಬೆಳಗಿದ ತಟ್ಟೆ.

ಏನಿತ್ತು ಎಂದು ಕೇಳಿದ್ದೀಯ. ಯಾವುದೋ ಹಕ್ಕಿ. ಕೋಳಿಯೋ, ಗಿಣಿಯೋ. ಮೊದಲಿಗೆ ನಾನು ಅದನ್ನು ಹಕ್ಕಿಯೆಂದು ನೋಡಲೇ ಇಲ್ಲ, ಕೊಳೆಯೆಂದು ನೋಡಿದೆ. ಬಾಲದಿಂದ ಶುರುಮಾಡಿದೆ. ಎಷ್ಟು ಗರಿ, ಕತ್ತು ಹೇಗೆ ಬಾಗಿತ್ತು ಎಂದರೆ ಹೇಳಲಾರೆ. ಕೊನೆಗೆ ಉಳಿದದ್ದು ಕೊಕ್ಕು. ಅದು ಎಡಕ್ಕೆ ಚಾಚಿತ್ತು. ಅಲ್ಲಿ ಒಂದು ಗಳಿಗೆ ನನ್ನ ಕೈ ತಡೆಯಿತು, ಇಷ್ಟು ಸಣ್ಣ ಮಗುವಿನ ಕೈ ಇಷ್ಟು ನೇರವೇ ಎಂದು. ಆಮೇಲೆ ಅದನ್ನೂ ಉಜ್ಜಿದೆ. ನೀನು ಬರೆದದ್ದೇ ಆದರೆ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ನಿನಗೆ ಮೋಸ ಮಾಡಿದ್ದಾರೆ ಎನ್ನಬೇಕು.

ಈ ನಡುವೆ ಎರಡು ಸಲ ದಾವಣಗೆರೆಗೆ ಹೋಗಿ ಬಂದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಬೇರೆ ವಿಶೇಷ ಏನಿಲ್ಲ.

ಚಿಕ್ಕಕ್ಕನಿಗೆ ಗಂಜಿಗೆ ಒಂದು ಚಿಟಿಕೆ ಜೀರಿಗೆ ಹಾಕು.

ಮಾಮ


ಚಳ್ಳಕೆರೆ
೨೦ ಸೆಪ್ಟೆಂಬರ್ ೨೦೨೪

ಬೇಟಿ ಜ್ಯೋತಿಗೆ ಸಲಾಂ.

ಎರಡು ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ನಡುವೆ ಸಹಿ ಬೇಕೆಂದು ಕಳಿಸಿದ ಅರ್ಜಿಗಳು ಮಾತ್ರ ಸಹಿಯಾಗಿ ಬಂದವು, ಜೊತೆಗೆ ಒಂದು ಚೂರು ಚೀಟಿಯೂ ಇರಲಿಲ್ಲ. ಬಾಯಿಲ್ಲದವನಿಗೆ ನೀನೂ ಬಾಯಿ ಬಿಡದಿದ್ದರೆ ಹೇಗೆ?

ಇರಲಿ, ಸಿಹಿ ಸುದ್ದಿ ಇದೆ. ಶೇರು ನಿನ್ನ ಖಾತೆಗೆ ಬಂದಿವೆ. ನಿನ್ನ ಮೊಬೈಲಿನಲ್ಲಿ ಬೆರಳು ಒತ್ತಿದರೆ ಕಾಣುತ್ತವೆ. ಸೀರೆ ಮಾರಿದ ಸಾವಿರ ರೂಪಾಯಿ ಇಷ್ಟು ವರ್ಷ ಎಲ್ಲೆಲ್ಲೋ ಅಲೆದು, ಎರಡು ಸಲ ಹೆಸರು ಬದಲಿಸಿ, ಕೊನೆಗೆ ನಾಲ್ಕು ಲಕ್ಷದ ಚಿಲ್ಲರೆಯಾಗಿ ಪೆದ್ದಣ್ಣನ ಮನೆಗೆ ಬಂದಿದೆ. ವ್ಯಾಪಾರಿಗಳದ್ದು ಬಿಟ್ಟರೆ ಅವನ ಹತ್ತಿರ ಮಾರಲು ಸೀರೆ ಇರಲಿಲ್ಲವಲ್ಲ, ಯಾರದ್ದನ್ನು ಮಾರಿದೆ ಎಂದು ನಾನು ಆಗ ಕೇಳಿರಲಿಲ್ಲ. 'ಮನೆದೇ ಒಂದು ಸೀರೆ ಕೊಟ್ಟೆ ಕಣ್ಲೇ ಸಾಬ' ಎಂದಿದ್ದ, ಅಷ್ಟೇ.

ಒಂದು ನಗೆಯ ವಿಷಯ. ಹಳೇ ಪತ್ರದ ಗತಿ ಏನು ಎಂದು ಗುಲ್ಷನ್ ಕೈಲಿ ಫೋನು ಮಾಡಿಸಿ ಕೇಳಿಸಿದೆ. ಅದಕ್ಕೆ ತೂತು ಹೊಡೆದು ರದ್ದು ಮಾಡಿಬಿಟ್ಟಿದ್ದಾರೆ. ಬೆನ್ನು ಸರಿಯಿತ್ತೇ ಎಂದು ಕೇಳಿದ್ದಕ್ಕೆ ಆ ಕಡೆಯ ಹುಡುಗಿ ನಕ್ಕಳಂತೆ. "ಬೆನ್ನು ಈಗ ಯಾರು ನೋಡ್ತಾರಮ್ಮ, ನಂಬರ್ ಒಂದು ಕಂಡ್ರೆ ಸಾಕು" ಎಂದಳಂತೆ. ಅಂದರೆ ನಾನು ಅಷ್ಟು ಹೊತ್ತು ಕೂತು ಉಜ್ಜಿದ್ದು ದಂಡ. ಪೇಟೆ ನನ್ನನ್ನು ಬಿಟ್ಟು ಎಷ್ಟೋ ಮುಂದೆ ಹೋಗಿದೆ.

ನಾಳೆ ಫೈಲಿನ ಹೊಲಿಗೆ ಬಿಚ್ಚಿ, ನಿನ್ನ ಕಾಗದಗಳನ್ನು ನಿನಗೇ ಕಳಿಸುತ್ತೇನೆ. ಏನಾದರೂ ಸಂಶಯವಿದ್ದರೆ ಈಗಲೇ ಕೇಳಿ ಮುಗಿಸು. ನಾನಿರುವಾಗಲೇ ಆದರೆ ಒಳ್ಳೆಯದು.

ಮಾಮ


ಚಳ್ಳಕೆರೆ
೨೧ ಸೆಪ್ಟೆಂಬರ್ ೨೦೨೪

ಜ್ಯೋತಿ,

ನಿನ್ನೆಯ ಪತ್ರ ಅಂಚೆ ಡಬ್ಬಿಗೆ ಬಿದ್ದಾಗಿದೆ. ವಾಪಸು ತೆಗೆಯುವ ಹಾಗಿಲ್ಲ.

ಬೆಳಿಗ್ಗೆ ಹೊಲಿಗೆ ಬಿಚ್ಚಿದೆ. ಜೂನ್ ಹದಿನೈದರ ನಿನ್ನ ಪತ್ರ ಕೈಗೆ ಬಂತು. ಅದಕ್ಕೆ ಹಿಂಬದಿಯಿದೆ. ಕಾಗದಗಳ ಪಟ್ಟಿ ಮುಗಿದಲ್ಲಿಗೇ ಓದು ನಿಲ್ಲಿಸಿದ್ದೆ, ತಿರುಗಿಸಿ ನೋಡಿರಲಿಲ್ಲ.

ನಾನು ಉಜ್ಜಿದ್ದು ಆ ನಕ್ಷೆಯನ್ನೇ ಏನು? ಹೌದು ಅಥವಾ ಅಲ್ಲ ಎಂದು ಒಂದು ಪದ ಬರೆ. ಗುಲ್ಷನ್ ಎರಡು ಸಲ ಊಟಕ್ಕೆ ಕರೆದಳು. ಅವಳಿಗೆ ಏನೆಂದು ಬರೆದು ತೋರಿಸಲಿ?

ವಲಿಸಾಬ


ಮೊಳಕಾಲ್ಮೂರು
೫ ಅಕ್ಟೋಬರ್ ೨೦೨೪

ಮಾಮನಿಗೆ ಜ್ಯೋತಿಲಕ್ಷ್ಮಿ ಮಾಡುವ ನಮಸ್ಕಾರ.

ಒಂದು ಪದ ಬರೆ ಎಂದಿರಿ. ಒಂದು ಪದದಲ್ಲಿ ನನಗೆ ಬರೆಯಲು ಬರುವುದಿಲ್ಲ.

ಅವ್ವ ಶ್ರಾವಣದಲ್ಲಿ ಹೋದಳು. ನಿಮಗೆ ತಿಳಿಸಲಿಲ್ಲ. ತಿಳಿಸಿದ್ದರೆ ನೀವು ಬರುತ್ತಿದ್ದಿರಿ. ಬಂದಿದ್ದರೆ ಅವಳು ಉಟ್ಟ ಸೀರೆ ನೋಡುತ್ತಿದ್ದಿರಿ.

ಮಗು ಗೀಚಿದೆ ಎಂದು ನೀವು ಬರೆದ ಪತ್ರ ಬಂದ ದಿನ ನಾನು ಆ ಹಾಳೆ ಹಿಡಿದು ಮಗ್ಗದ ಗುಂಡಿಯಲ್ಲಿ ಕಾಲು ಬಿಟ್ಟುಕೊಂಡು ಕೂತೆ. ನೀವು ನನ್ನ ಪತ್ರ ಪೂರ್ತಿ ಓದಿಯೂ ಹೀಗೆ ಮಾಡಿದಿರೆಂದು ನಿಮ್ಮ ಮೇಲೆ ಸಿಟ್ಟು ಬಂತು. ಓದಿಲ್ಲವೇನೋ ಎಂದು ಆಮೇಲೆ ಹೊಳೆಯಿತು. ಓದಿಲ್ಲವಾದರೆ ಹೇಳುವುದು ಬೇಡ ಎಂದುಕೊಂಡೆ. ಮಾತು ಹೋದ ಮನುಷ್ಯನಿಗೆ ಇನ್ನೊಂದು ಭಾರ ಯಾಕೆ ಎಂದು. ದಾವಣಗೆರೆಗೆ ಎರಡು ಸಲ ಯಾಕೆ ಹೋಗಿದ್ದಿರಿ ಎಂದು ನೀವೂ ನನಗೆ ಬರೆದಿಲ್ಲ ಮಾಮ.

ನಿಮ್ಮ ಜುಲೈ ಪತ್ರವನ್ನು ಪಾತಣ್ಣನಿಗೆ ಓದಿ ಹೇಳಿದೆ. "ಕೊಕ್ಕೊಂದನ್ನ ಇಟ್ಕೊಂಡು ಗಿಣಿ ಹೆಂಗ್ ಕಟ್ಲಮ್ಮಯ್ಯ? ಕತ್ತೆಲ್ಲಿ, ಬಾಲೆಲ್ಲಿ?" ಎಂದ. ತನ್ನ ಗಿಣಿಯನ್ನೇ ಎಡಕ್ಕೆ ತಿರುಗಿಸಿ ಹಾಕಿಕೊಡುತ್ತೇನೆ, ಮುದುಕಿಗೆ ಏನು ಗೊತ್ತಾಗತೈತೆ ಎಂದೂ ಹೇಳಿದ. ಮನಸ್ಸು ಒಪ್ಪಲಿಲ್ಲ. ಸುಳ್ಳು ಹೇಳುವುದಾದರೆ ಬಾಯಿಂದ ಹೇಳೋಣ, ಮಗ್ಗದಿಂದ ಬೇಡ. ಗಿಣಿ ಇರಬೇಕಾದ ಕಡೆ ಬರೀ ಜರಿಯ ಪಟ್ಟಿ ಎಳೆದು ಸೀರೆ ಮುಗಿಸಿದೆ.

ಸೀರೆಯನ್ನು ಮಗ್ಗದಿಂದ ಕೊಯ್ದು ತೆಗೆದ ದಿನದ ಹೊತ್ತಿಗೆ ಅವ್ವನಿಗೆ ಕಣ್ಣು ಪೂರ್ತಿ ಹೋಗಿತ್ತು. ಮಗ್ಗದ ಸದ್ದು ನಿಂತದ್ದು ಕೇಳಿಸಿಕೊಂಡು, "ಆಯ್ತೇನೇ?" ಎಂದಳು.

"ಆಯ್ತವ್ವ."

"ತಾ ಇಲ್ಲಿ."

ತೊಡೆಯ ಮೇಲೆ ಹಾಕಿದೆ. ಅಂಚಿನ ಮೇಲೆ ಬೆರಳಾಡಿಸಿದಳು. ಜೋಮು ಹಿಡಿದ ಬೆರಳು, ರೇಷ್ಮೆಯೋ ಗೋಣಿಯೋ ತಿಳಿಯುವಂತಿರಲಿಲ್ಲ. ಅಲ್ಲಿ ತಿಳಿಯಬೇಕಾದದ್ದೂ ಏನೂ ಇರಲಿಲ್ಲ. ಸುಮಾರು ಹೊತ್ತು ಹುಡುಕಿದಳು. ಆಮೇಲೆ ನಾನು ಮಗುವಾಗಿದ್ದಾಗ ಮಾತಾಡುತ್ತಿದ್ದ ಹಾಗೆ ತೆಲುಗಿನಲ್ಲಿ, "ಮುಕ್ಕು ಎಟುಂದೇ?" ಎಂದಳು. ಕೊಕ್ಕು ಯಾವ ಕಡೆಗಿದೆ ಎಂದು.

ನಾನು ಉತ್ತರ ಹುಡುಕಬೇಕಾಗಿರಲಿಲ್ಲ.

"ಎಡಕ್ಕೈತವ್ವ" ಎಂದೆ.

ಬೆರಳು ನಿಂತಿತು. "ಹಂಗಾದ್ರೆ ನಿಮ್ಮಪ್ಪಂದೇ ಬಿಡು. ಊರಾಗಿನ ಗಿಣಿಯೆಲ್ಲ ಬಲಕ್ಕೇ ನೋಡ್ತಾವೆ" ಎಂದು ಸೀರೆಯನ್ನು ತಲೆದಿಂಬಿನ ಕೆಳಗೆ ಇಡಿಸಿಕೊಂಡಳು. ಎಂಟು ದಿನಕ್ಕೆ ಅದನ್ನೇ ಉಡಿಸಿ ಕಳಿಸಿಕೊಟ್ಟೆವು.

ಗುಲ್ಷನ್ ಅತ್ತೆಗೆ ಇಷ್ಟನ್ನು ಓದಿಸಿ. ಬೇರೆ ಏನೂ ಬರೆದು ತೋರಿಸುವುದು ಬೇಡ.

ಶೇರು ಇದ್ದಲ್ಲೇ ಇರಲಿ. ಆ ಚೌಕಟ್ಟು ನಿಮ್ಮಲ್ಲೇ ಉಳಿದಿದ್ದರೆ ಚೌಡೇಶನ ಕೈಲಿ ಕಳಿಸಿ. ಗೋಡೆಯ ಮೇಲೆ ಅದರ ಅಚ್ಚು ಹಾಗೇ ಇದೆ. ನಿಮ್ಮ ಜುಲೈ ಪತ್ರವನ್ನು ಅದರೊಳಗೆ ಇಡುತ್ತೇನೆ. ಈ ಸಲ ಎರಡು ಕಡೆಗೂ ಗಾಜು ಹಾಕಿಸುತ್ತೇನೆ.

ನಿಮ್ಮ
ಜ್ಯೋತಿ